ಬಸ್ಸಲ್ಲಿ ಬರ್ತಿದ್ದ ಸುದ್ದಿ
ಇವತ್ತು ನಮ್ಮ ಪತ್ರಿಕೆ ಆಫೀಸಲ್ಲಿ ಜಿಲ್ಲಾ ಪೇಜಿನ ಡೆಸ್ಕ್ ಖಾಲಿ ಮಾಡ್ತಿದ್ವಿ. ಡ್ರಾಯರಲ್ಲಿ ಒಂದು ಕಂದು ಕವರ್ ಸಿಕ್ತು, ಮೇಲೆ ಕೆಂಪು ಇಂಕಲ್ಲಿ "ತುರ್ತು ಸುದ್ದಿ" ಅಂತ.
ತಾಲೂಕಿನ ವರದಿಗಾರರು ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸ್ತಿದ್ದ ಕಾಲದ್ದು, ಆಮೇಲೆ ಫ್ಯಾಕ್ಸ್ ಬಂತು, ಮೇಲ್ ಬಂತು, ಈಗ ವಾಟ್ಸಾಪ್.
ಇನ್ಮೇಲೆ ಎರಡು ಜಿಲ್ಲೆಗೆ ಒಂದೇ ಪೇಜಂತೆ, ಮಿಕ್ಕಿದ್ದೆಲ್ಲ ಆನ್‌ಲೈನ್.
ಆನ್‌ಲೈನ್ ಬಗ್ಗೆ ನಂಗೇನೂ ಬೇಜಾರಿಲ್ಲ, ಕೆರೆ ಕೋಡಿ ಬಿದ್ರೆ ಐದೇ ನಿಮಿಷಕ್ಕೆ ಊರಿಗೆಲ್ಲ ಗೊತ್ತಾಗತ್ತೆ, ಜಾಗ ಇಲ್ಲ ಅಂತ ಯಾರ ಸುದ್ದೀನೂ ಕತ್ತರಿಸಬೇಕಿಲ್ಲ.
ಆದ್ರೆ ಗ್ರಾಮ ಪಂಚಾಯ್ತಿ ಮೀಟಿಂಗಲ್ಲಿ ಮೂರು ಗಂಟೆ ಕೂತು ಬರೆಯೋರನ್ನ ಮಾತ್ರ ಬಿಡಬಾರದು ಕಣ್ರೀ.
1843ರಲ್ಲಿ ಬಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ದ ಹೆಸರಲ್ಲೇ ಊರಿತ್ತು!
ಕವರ್ ನನ್ನ ಬ್ಯಾಗಲ್ಲೇ ಇದೆ.