ನೆಳ್ಳಾಗ ಹಿಡದ ನೋಡ್ರಿ

ಈ ವಾರವಿಡೀ ತಲೆಯೊಳಗೆ ಒಂದೇ ಮಾತು ಸುತ್ತುತ್ತಿದೆ. "ನೆಳ್ಳಾಗ ಹಿಡದ ನೋಡ್ರಿ ಯಕ್ಕಾ."

ತಮ್ಮನ ಮಗನಿಗೆ ಚಿನ್ನ ಜಾಲಿಸುವ ಹುಚ್ಚು ಹತ್ತಿದೆ. ಅಘನಾಶಿನಿಗೆ ಸೇರುವ ಒಂದು ಹಳ್ಳದಿಂದ ಬಾಟಲಿ ತುಂಬ ಮರಳು ತಂದಿದ್ದ. ಹೊಳೆ ತಿರುವಿನ ಒಳಬದಿ, ಬಂಡೆಯ ಹಿಂಬದಿ, ಕಲ್ಲಿನ ಬಿರುಕು, ಹೀಗೆ ನೀರಿನ ಸೆಳೆತ ಕಡಿಮೆಯಾಗುವಲ್ಲೇ ಭಾರದ ಕಣ ಕೂರುತ್ತದೆ ಎಂದು ಓದಿಕೊಂಡೇ ಹೋದ ಹುಡುಗ. ಬಿಸಿಲಿಗೆ ಹಿಡಿದರೆ ಬಾಟಲಿಯೆಲ್ಲ ಮಿಣಮಿಣ. "ಅತ್ತೆ, ಬಾ, ತೋರ್ಸನ" ಎಂದು ಶಿರಸಿ ಪೇಟೆಗೆ ಎಳೆದುಕೊಂಡು ಹೋದ.

ಚಿನ್ನದಂಗಡಿಯ ಯಜಮಾನರು ಬಾಟಲಿ ಮುಟ್ಟಲೂ ಇಲ್ಲ. ಗಿರಾಕಿಗಳಲ್ಲವಲ್ಲ ನಾವು. ಕೈ ಚಾಚಿದವರು ಮೆಟ್ಟಿಲ ಕೆಳಗೆ ಗಟಾರದ ರಾಡಿಯನ್ನು ಬುಟ್ಟಿಗೆ ತುಂಬುತ್ತಿದ್ದ ಗದಗ ಕಡೆಯ ಅಜ್ಜಿ. ಚಿಟಿಕೆ ಮರಳು ಅಂಗೈಗೆ ಸುರಿದುಕೊಂಡು ಅಂಗಡಿಯ ತಗಡಿನ ಕೆಳಗೆ ಸರಿದರು, ಆ ಮಾತು ಹೇಳಿದರು. ಮಿಂಚೆಲ್ಲ ಆರಿತು. ಕಾಗೆಬಂಗಾರ.

ಆಮೇಲೆ ಮರಿಗೆ ಎಂಬ ತಮ್ಮ ಮರದ ತಟ್ಟೆ ತಂದರು. ರಾಡಿಗೆ ನೀರು ಹೊಯ್ದು, ಕೈಯಲ್ಲಿ ಕಿವುಚಿ, ಮರಿಗೆಯನ್ನು ಓರೆ ಮಾಡಿ ಕುಲುಕುತ್ತ ಹೋದರು. ಮೊದಲು ಕೆಸರು ಹೋಯಿತು, ಆಮೇಲೆ ಬಿಳಿ ಮರಳು, ಕೊನೆಗೆ ಕರಿ ಮರಳಿನ ತೆಳು ಪಟ್ಟಿ ಉಳಿಯಿತು. ಅದರ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಹಳದಿ ಚುಕ್ಕೆ. ಮತ್ತದೇ, "ನೆಳ್ಳಾಗ ಹಿಡದ ನೋಡ್ರಿ." ನೆರಳಿನಲ್ಲೂ ಅದು ಹಳದಿಯೇ. ಚಿನ್ನ ನೀರಿಗಿಂತ ಹತ್ತೊಂಬತ್ತು ಪಟ್ಟು ಭಾರ, ಸಾಮಾನ್ಯ ಮರಳು ಮೂರು ಪಟ್ಟೂ ಇಲ್ಲ. ಹುಡುಗ ಬಾಯಿಪಾಠ ಮಾಡಿದ ಈ ಲೆಕ್ಕವನ್ನು ಅಜ್ಜಿ ಮಣಿಕಟ್ಟಿನಲ್ಲಿ ಇಟ್ಟುಕೊಂಡಿದ್ದಾರೆ.

ಗದಗ ಕಡೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ, ಚಿನ್ನ ಜಾಲಿಸುವುದೇ ಕಸುಬಾದ ಜಲಗಾರರು ಮಳೆಗಾಲದ ನಂತರ ಚಿನ್ನ ತೊಳೆಯುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಆ ಗುಡ್ಡಗಳ ಚಿನ್ನದ ಬಗ್ಗೆ 1874ರಲ್ಲಿ ಬರೆದಾಗ ದಾರಿ ತೋರಿಸಿದ್ದು ಇಂಥವರ ಕೈಗಳೇ. ಹಳ್ಳದಲ್ಲಿ ಹೊಟ್ಟೆ ತುಂಬದೆ ಆ ವಿದ್ಯೆ ಊರೂರಿನ ಗಟಾರಕ್ಕೆ ಇಳಿದಿದೆ. ಚಿನ್ನದಂಗಡಿಯಲ್ಲಿ ಅರ ಉಜ್ಜುವಾಗ ಹಾರಿದ ಪುಡಿ, ಗುಡಿಸಿದ ಕಸ, ಕೈ ತೊಳೆದ ನೀರು, ಎಲ್ಲದರಲ್ಲೂ ಚೂರು ಚಿನ್ನ ಇರುತ್ತದೆ. ಯಜಮಾನರು ಅಜ್ಜಿಯನ್ನು ಕರೆಯುವುದು "ಏಯ್" ಎಂದು. ಅಜ್ಜಿ ತೆಗೆದ ಚಿನ್ನವನ್ನು ಕೊಳ್ಳುವವರೂ ಆ ಯಜಮಾನರೇ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಸಿಟ್ಟಿಗಿಂತ ಹೆದರಿಕೆ ಹೆಚ್ಚು. ಅಜ್ಜಿ ಸೊಂಟದ ಚೀಲದಿಂದ ಸಣ್ಣ ಬಾಟಲಿ ತೆಗೆದು ಕರಿ ಮರಳಿಗೆ ಪಾದರಸ ಹನಿಸಿ ಬರಿಗೈಯಲ್ಲಿ ತಿಕ್ಕಿದರು. ಕಣಗಳು ಅದಕ್ಕೆ ಅಂಟಿ ಉಂಡೆಯಾದವು. "ಇದನ್ನ ಏನ್ ಮಾಡ್ತೀರಿ ಅಜ್ಜಿ?" ಎಂದೆ. "ಒಲಿ ಮ್ಯಾಲೆ ಸುಡತೀನ್ರಿ, ರಸ ಹಾರಿ ಹೊಕ್ಕತಿ." ಹಾರಿ ಹೋಗುವುದು ಅವರ ಒಂದೇ ಕೋಣೆಯ ಮನೆಯ ಗಾಳಿಗೆ, ಮೊಮ್ಮಕ್ಕಳು ಮಲಗುವಲ್ಲಿಗೆ. "ಕೈ ನಡಗತಾವ್ರಿ, ವಯಸ್ಸಾತು" ಎಂದರು. ಪಾದರಸದ ಹೊಗೆ ಕುಡಿದವರಲ್ಲಿ ಮೊದಲು ಕಾಣುವ ಲಕ್ಷಣಗಳಲ್ಲಿ ಕೈನಡುಕವೂ ಒಂದು. ಪಾದರಸದ ಬಳಕೆ ತಗ್ಗಿಸುವ ಮಿನಾಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ. ಈ ಅಜ್ಜಿಗೆ ಅದನ್ನು ಹೇಳಿದವರು ಯಾರೂ ಇಲ್ಲ.

ಫಿಲಿಪೈನ್ಸಿನ ಬೆಂಗೆಟ್ಟಿನಲ್ಲಿ ಸಣ್ಣ ಗಣಿಗಾರರು ಪಾದರಸ ಬಿಟ್ಟು, ಚೆನ್ನಾಗಿ ತೊಳೆದು ಉಳಿದ ಭಾರದ ಪುಡಿಗೆ ಬಿಳಿಗಾರ ಬೆರೆಸಿ ಕರಗಿಸುತ್ತಾರೆ. ಬಿಳಿಗಾರ ಇಲ್ಲದ ಅಕ್ಕಸಾಲಿಯ ಮನೆ ಉಂಟೇ? ಬೆಂಕಿಯೂ ಅಲ್ಲೇ, ಮೂಸೆಯೂ ಅಲ್ಲೇ. ಅಜ್ಜಿಯ ಪುಡಿಯನ್ನು ಅಂಗಡಿಯಲ್ಲೇ ಕರಗಿಸಿ ಕೊಡಬಹುದಲ್ಲ ಎಂದು ಯಜಮಾನರನ್ನು ಕೇಳಿದೆ. "ಅದಕ್ಕೆಲ್ಲ ಪುರ್ಸೊತ್ತು ಯಾರಿಗದೆ ಅಕ್ಕಾ?" ಎಂದರು. ಸೋಮವಾರ ಮತ್ತೆ ಹೋಗುತ್ತೇನೆ. ಅವರು ಒಲ್ಲೆ ಎಂದರೆ ಅದೇ ಓಣಿಯಲ್ಲಿ ಇನ್ನೂ ಅಂಗಡಿಗಳಿವೆ.