ಹೂಂ ಅಂದ ಫೋರ್ತ್

ನಮ್ಮ ಮೈಕ್ರೊಪ್ರೊಸೆಸರ್ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಅವತ್ತಿನಿಂದ ನಮ್ಮ ಬ್ಯಾಚಿನ ವಾಟ್ಸ್ಯಾಪ್ ಗುಂಪಿನಲ್ಲಿ ಫೋರ್ತ್ ಎಂಬ ಕಂಪ್ಯೂಟರ್ ಭಾಷೆಯದ್ದೇ ಮಾತು.

1986. ಸಿಲಬಸ್ ಏನಿತ್ತೋ ನೆನಪಿಲ್ಲ. ಲ್ಯಾಬಿನ 8085 ಮೈಕ್ರೊಪ್ರೊಸೆಸರ್ ಚಿಪ್ಪಿನ ಕಿಟ್ ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಹೆಕ್ಸ್ (ಹದಿನಾರರ ಲೆಕ್ಕದ) ಅಂಕಿಗಳ ಕೀಗಳು, ಕೆಂಪು ಅಂಕಿಗಳ ಡಿಸ್‌ಪ್ಲೇ, ಅಷ್ಟೇ. 'ಇದರಲ್ಲಿ ಪೂರ್ತಿ ಒಂದು ಭಾಷೆ ಎಬ್ಬಿಸೋಣ' ಅಂದರು ಮೇಷ್ಟ್ರು. ಅಮೆರಿಕದ ಕಿಟ್ ಪೀಕ್ ಬೆಟ್ಟದ ಮೇಲೆ ರೇಡಿಯೊ ದೂರದರ್ಶಕ ನಡೆಸಲು ಚಾರ್ಲ್ಸ್ ಮೂರ್ ಬಳಸಿದ ಭಾಷೆ ಫೋರ್ತ್. ಫೋರ್ತ್ ಇಂಟರೆಸ್ಟ್ ಗ್ರೂಪ್ ಎಲ್ಲರಿಗೂ ಬಿಟ್ಟುಕೊಟ್ಟಿದ್ದ 8080 ಚಿಪ್ಪಿನ (ನಮ್ಮ 8085ರ ಅಣ್ಣ) ಪ್ರೋಗ್ರಾಂ ಲಿಸ್ಟಿಂಗಿನ ಜೆರಾಕ್ಸ್ ತರಿಸಿದ್ದರು.

ಮೊದಲು 'ನೆಕ್ಸ್ಟ್' ಎಂಬ ಪುಟ್ಟ ಪ್ರೋಗ್ರಾಂ ತುಣುಕು. ಬರೀ 11 ಬೈಟ್. ಮುಂದಿನ ಪದ (ಫೋರ್ತ್‌ನಲ್ಲಿ ಆಜ್ಞೆಗೆ ಪದ ಅಂತಲೇ ಹೆಸರು) ಯಾವುದೆಂದು ನೋಡಿ ಅಲ್ಲಿಗೆ ಜಿಗಿಯುವುದು ಅದರ ಕೆಲಸ. ಇಡೀ ಫೋರ್ತ್ ಓಡುವುದೇ ಅದರಿಂದ. ಅದನ್ನು ಕೈಯಾರೆ ರ್‍ಯಾಮ್‌ಗೆ ತುಂಬಿಸಿ, ಒಂದೊಂದೇ ಹೆಜ್ಜೆ ನಡೆಸುವ ಸಿಂಗಲ್ ಸ್ಟೆಪ್ ಕೀ ಒತ್ತಿಸುತ್ತಿದ್ದರು. ಸುತ್ತಿಗೊಮ್ಮೆ, ಮುಂದಿನ ಪದ ಎಲ್ಲಿದೆ ಎಂದು ತೋರಿಸುವ ಬಿ-ಸಿ ರಿಜಿಸ್ಟರ್ ಜೋಡಿ ಸರಿಯಾಗಿ ಎರಡು ಮುಂದೆ ಹೋಗಬೇಕು. 'ಇದು ಸರಿಹೋಗೋವರೆಗೂ ಮುಂದಿನದ್ದು ಮುಟ್ಟಬೇಡ್ರಪ್ಪಾ.'

ಆಮೇಲೆ 'ಕೀ', 'ಎಮಿಟ್'. ಅಕ್ಷರ ಓದುವುದು, ಕಳಿಸುವುದು. ಲಿಸ್ಟಿಂಗ್‌ನಲ್ಲಿ ಅವೆರಡೂ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್ ನಂಬಿಕೊಂಡಿದ್ದವು, ನಮ್ಮ ಕಿಟ್‌ನಲ್ಲಿ ಅದೆಲ್ಲಿ ಬರಬೇಕು? 8085ರ ಸೀರಿಯಲ್ ಪಿನ್‌ನಿಂದ ಒಂದೊಂದೇ ಬಿಟ್ ಟರ್ಮಿನಲ್‌ಗೆ ಕಳಿಸುವ ರುಟೀನ್ ಬರೆದವನು ನಾನು. ಮೊದಲ ಸಲವೇ ನಡೆಯಿತು. ಇವತ್ತಿಗೂ ಹೆಮ್ಮೆ.

ಎಲ್ಲವನ್ನೂ ಇಪ್ರಾಮ್‌ಗೆ (ಅಳಿಸಿ ಮತ್ತೆ ಬರೆಯಬಹುದಾದ ಮೆಮೊರಿ ಚಿಪ್) ಬರ್ನ್ ಮಾಡುವ ಮುಂಚೆ ನಾನೂ ಗೆಳೆಯನೂ ಒಂದು ಕಿತಾಪತಿ ಮಾಡಿದೆವು. ಫೋರ್ತ್ ಪ್ರತಿ ಸಾಲು ಮುಗಿಸಿ 'ಓಕೆ' ಅನ್ನುತ್ತದೆ. ಅಲ್ಲಿದ್ದ ಅಕ್ಷರಗಳ ಹೆಕ್ಸ್ ಕೋಡ್ 4ಎಫ್, 4ಬಿ ತೆಗೆದು 48, 55 ಹಾಕಿದೆವು. ಓ, ಕೆ ಹೋಗಿ ಎಚ್, ಯು ಬಂತು. ಪ್ರಿನ್ಸಿಪಾಲರ ಮುಂದೆ ಮೇಷ್ಟ್ರು '2 3 + .' (ಎರಡು, ಮೂರು ಕೂಡಿಸಿ ತೋರಿಸು) ಒತ್ತಿದರು. '5 ಹೂ' ಅಂತು ಟರ್ಮಿನಲ್. ಇನ್ನೊಂದು ಸಾಲು, ಮತ್ತೆ ಹೂ. 'ಏನ್ರೀ ಇದು, ಕಥೆ ಕೇಳೋರ ಹಾಗೆ ಹೂಂಗುಟ್ಟುತ್ತಲ್ಲ!' ಅಂದರು ಪ್ರಿನ್ಸಿಪಾಲರು. ಮೇಷ್ಟ್ರು ನಮ್ಮ ಕಡೆ ತಿರುಗಿ, 'ಯಾವ ಬೈಟ್ ಎಲ್ಲಿದೆ ಅಂತ ಹುಡುಗರಿಗೆ ಗೊತ್ತಾಗಿದೆ ಸಾರ್' ಅಂದರು. ಆ ಚಿಪ್ ಅಳಿಸಲೇ ಇಲ್ಲ.

ಈಗ ಬೋರ್ಡಿನ ಜೊತೆಗೇ ಎಲ್ಲ ರೆಡಿ ಬರುತ್ತದೆ. ಡೌನ್‌ಲೋಡ್ ಮಾಡಿ, ಎಲ್‌ಇಡಿ ಮಿನುಗಿಸಿ, ರೆಕಾರ್ಡ್ ಬರೆದರೆ ಲ್ಯಾಬ್ ಮುಗಿಯಿತು. ಮಕ್ಕಳ ತಪ್ಪಲ್ಲ ಬಿಡಿ. ಹಾಗೆ ಪಕ್ಕದಲ್ಲಿ ಕೂತು ಕಲಿಸಲು ಮೇಷ್ಟ್ರುಗಳಿಗೆ ಪುರುಸೊತ್ತು ಕೊಡಬೇಕಲ್ವಾ? ನಮ್ಮ ಆಫೀಸಿನಲ್ಲಿ ಹೊಸ ಬೋರ್ಡ್ ಏಳದಿದ್ದರೆ ಇವತ್ತಿಗೂ ನನ್ನನ್ನೇ ಕರೆಯುತ್ತಾರೆ. ನಾನು ಮೊದಲು ಒಂದೇ ಒಂದು ಅಕ್ಷರ ಹೊರಗೆ ಕಳಿಸಿ ನೋಡುತ್ತೇನೆ.

ಮೇಷ್ಟ್ರ ಪೆನ್ಸಿಲ್ ಗುರುತಿದ್ದ ಆ ಜೆರಾಕ್ಸ್ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಲೈಬ್ರರಿಗೆ ಕೊಡಿ. ಕಾಲೇಜು ಒಂದು ಶನಿವಾರ ಲ್ಯಾಬ್ ಬಿಟ್ಟುಕೊಟ್ಟರೆ ಕಿಟ್ ನಾನೇ ತರುತ್ತೇನೆ, ಈಗಿನ ಮಕ್ಕಳ ಜೊತೆ ಕೂರುತ್ತೇನೆ.