ಆರುನೂರು ಗಿಡ, ಒಂದೇ ಗಿಡ

ಹುನಗುಂದ ತಾಲೂಕಿನ ನಮ್ಮ ಹೊಲದಲ್ಲಿ ಅಣ್ಣ ಎರಡು ಎಕರೆಗೆ ಭಗವಾ ದಾಳಿಂಬೆ ಹಚ್ಚಿದ್ದ. ಆ ಸೆಪ್ಟೆಂಬರ್‌ನಲ್ಲಿ ನಾಲ್ಕು ದಿನ ಬಿಡದೆ ಸುರಿದ ಮಳೆಯ ಮರುದಿನ ನಾನು ಹೋದಾಗ, ಕಾಯಿಗಳ ಮೇಲೆ ಎಣ್ಣೆ ಮೆತ್ತಿದಂಥ ಕಪ್ಪು ಚುಕ್ಕೆಗಳೆದ್ದು, ಚುಕ್ಕೆಯ ನಡುವೆಯೇ ಸಿಪ್ಪೆ ಕವಲಾಗಿ ಸೀಳಿತ್ತು. ದುಂಡಾಣು ಅಂಗಮಾರಿ ರೋಗ ಆರುನೂರು ಗಿಡಗಳಲ್ಲಿ ಒಂದನ್ನೂ ಬಿಟ್ಟಿರಲಿಲ್ಲ.

"ಒಂದ ಗಿಡಾನಾದ್ರೂ ಉಳೀಬಾರದಾ ತಮ್ಮಾ?" ಎಂದ ಅಣ್ಣ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಕಾರಣ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ. ಅವೆಲ್ಲ ಗುಟಿ ಕಟ್ಟಿ ಮಾಡಿದ ಸಸಿಗಳು. ಟೊಂಗೆಯ ತೊಗಟೆಯನ್ನು ಉಂಗುರದಂತೆ ಸುಲಿದು, ಒದ್ದೆ ಪಾಚಿ ಸುತ್ತಿ, ಪ್ಲಾಸ್ಟಿಕ್ ಬಿಗಿದು ಬೇರು ಬರಿಸಿದ ಸಸಿಯು ತಾಯಿಗಿಡದ ಟೊಂಗೆಯೇ ಹೊರತು ಮಗುವಲ್ಲ. ಹಣ್ಣಿನ ಬಣ್ಣ, ರುಚಿ ಒಂದೇ ಸಮನಾಗಿರುವುದು ಇದರಿಂದಲೇ. ಒಂದಕ್ಕೆ ಹತ್ತಿದ ರೋಗ ಎಲ್ಲಕ್ಕೂ ಅಷ್ಟೇ ಸಲೀಸಾಗಿ ಹತ್ತುವುದೂ ಇದರಿಂದಲೇ.

ಬಾವಿಯ ದಂಡೆಯಲ್ಲಿ ಅವ್ವ ತಿಂದು ಉಗುಳಿದ ಬೀಜಗಳಿಂದ ತಾವಾಗಿ ಎದ್ದ ಮೂರು ಗಿಡಗಳಿದ್ದವು. ಅವುಗಳ ಹಣ್ಣನ್ನು ಅಂದು ಕೊಯ್ದು ನೋಡಿದೆ. ಒಂದರ ಕಾಳು ಕಡುಗೆಂಪು, ಇನ್ನೊಂದರದು ಬಿಳಿಚಿದ ಗುಲಾಬಿ, ಮೂರನೆಯದು ಹಲ್ಲು ಚುಳ್ಳೆನ್ನುವಷ್ಟು ಹುಳಿ, ಬೀಜವೂ ಗಟ್ಟಿ. ಹೂವಿನಲ್ಲಿ ಪರಾಗ ಮತ್ತು ಅಂಡಾಣು ಸಿದ್ಧವಾಗುವ ಮಿಯಾಸಿಸ್ ವಿಭಜನೆಯಲ್ಲಿ ಗುಣಗಳನ್ನು ಹೊತ್ತ ಜೋಡಿ ವರ್ಣತಂತುಗಳು ಪಕ್ಕಪಕ್ಕಕ್ಕೆ ಬಂದು ತಮ್ಮ ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಬಳಿಕ ಜೋಡಿಗಳು ಬೇರ್ಪಡುವಾಗ ಯಾವುದು ಎತ್ತ ಹೋಗುವುದೆಂಬುದಕ್ಕೆ ಕಟ್ಟುಪಾಡಿಲ್ಲ. ಮನುಷ್ಯರ 23 ಜೋಡಿಗಳಿಗೆ ಈ ಹಂಚಿಕೆಯೊಂದರಿಂದಲೇ 83 ಲಕ್ಷಕ್ಕೂ ಹೆಚ್ಚು ಬಗೆಯ ಲಿಂಗಾಣುಗಳು (ವೀರ್ಯಾಣು ಇಲ್ಲವೇ ಅಂಡಾಣು) ಸಾಧ್ಯ. ಆಮೇಲೆ ಯಾವ ಪರಾಗ ಯಾವ ಅಂಡಾಣುವನ್ನು ಕೂಡುವುದೋ, ಅದೂ ಆಕಸ್ಮಿಕ. ದಾಳಿಂಬೆಯ ಒಂದೊಂದು ಕಾಳೂ ಅಂಡಾಣು ಹೊತ್ತ ಬೇರೆ ಬೇರೆ ಅಂಡಕದಿಂದ ಬೆಳೆದದ್ದಾದ್ದರಿಂದ ಅಂಗೈಯಲ್ಲಿದ್ದ ಆ ಒಂದು ಹಣ್ಣಿನೊಳಗೇ ನೂರಾರು ಒಡಹುಟ್ಟಿದವರಿದ್ದರು. ಭಗವಾ ಮಿಶ್ರ ಮೂಲದ ತಳಿ. ಹಾಗಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟಿದರೂ ಮಕ್ಕಳು ಒಂದೇ ತೆರನಾಗುವುದಿಲ್ಲ.

ಇದನ್ನೆಲ್ಲ ಅಣ್ಣನಿಗೆ ಸಂಜೆ ಹೇಳಿದೆ. 1936ರಲ್ಲಿ ಪುಣೆಯ ಗಣೇಶಖಿಂಡದಲ್ಲಿ ತೋಟಗಾರಿಕಾ ವಿಜ್ಞಾನಿ ಡಾ. ಚೀಮಾ ಅವರು ಆಳಂದಿ ತಳಿಯ ಬೀಜದ ಸಸಿಗಳಿಂದಲೇ ಮೆತ್ತನೆ ಬೀಜದ ಗಣೇಶ ತಳಿಯನ್ನು ಆರಿಸಿದರೆಂದೂ ಹೇಳಿದೆ. ಅವನು ಲಾಟೀನು ಹಿಡಿದು ಬಾವಿಯ ಕಡೆ ನಡೆದ. ಮೂರಕ್ಕೂ ಚುಕ್ಕೆ ಬಂದಿತ್ತು, ಹುಳಿ ಹಣ್ಣಿನ ಗಿಡಕ್ಕೆ ಮಾತ್ರ ತೀರ ಕಡಿಮೆ. ಒಂದು ಗಿಡದ ಒಂದು ವರ್ಷದಿಂದ ಏನನ್ನೂ ತೀರ್ಮಾನಿಸಲಾಗದು. ಮುಂದಿನ ಮಳೆಗಾಲದಲ್ಲೂ ಅದರ ಚುಕ್ಕೆಗಳನ್ನು ಎಣಿಸಬೇಕೆಂದು ಇಬ್ಬರೂ ಮಾತಾಡಿಕೊಂಡೆವು.